ಡಾಕ್ಟರಿಗೇ ಮಾರ್ಕ್ಸ್ ಕೊಟ್ಟ ಶಾಕೀರ

ಬ್ಯಾಡಗಿಯ ಆಟೊ ಡ್ರೈವರ್ ಶಾಕೀರನಂಥ ಎಂಟೆದೆಯ ಗಂಡನ್ನು ನೀವು ಕಂಡಿರಲಿಕ್ಕಿಲ್ಲ. ಡಾಕ್ಟರನ್ನೇ ಎದುರಿಗೆ ಕೂರಿಸಿಕೊಂಡು, ಅವರ ಆಸ್ಪತ್ರೆ ಎಷ್ಟರಮಟ್ಟಿನದು ಎಂದು ಡೈಲಾಗ್ ಹೊಡೆದವನು! ನಂಬಿಕೆಯಿಲ್ಲವೇ? ಓದಿ.

ಕುಡಿತ ಬಿಡಲೆಂದು ರಾಣೆಬೆನ್ನೂರಿನ ಕೇಂದ್ರವೊಂದಕ್ಕೆ ಸೇರಿದ್ದ ಶಾಕೀರ ಮರುದಿನ ಮನೆಗೆ ಹೊರಡುವವನಿದ್ದ. ಬೆಳಿಗ್ಗೆ ಡಾಕ್ಟರ್ ಅರುಣಾ ವಾರ್ಡಿಗೆ ಬಂದಾಗ ಎಲ್ಲರ ಮಂಚದ ಬಳಿಯೂ ಮನೆಯವರಿದ್ದರು.

"ನಮ್ಮ ಚಿಕಿತ್ಸಾ ಹೆಂಗ ಅನಿಸ್ತು? ಖರೇ ಹೇಳ್ರಿ."

"ಭಾಳ ಚಲೋ ಐತ್ರಿ," ಎಂದ ಪಕ್ಕದ ಮಂಚದ ಪರಮೇಶಪ್ಪ, ಬೀಗರ ಮನೆಯ ಊಟ ಹೊಗಳುವ ಧಾಟಿಯಲ್ಲಿ. ಶಾಕೀರನನ್ನು ಅವನ ಹೆಂಡತಿ ಬೇನಜೀರ ಮೊಣಕೈಯಿಂದ ತಿವಿದಳು. ಶಾಕೀರನೂ ಹಲ್ಲು ಕಿರಿದ: "ಸೂಪರ್ ರೀ!"

ಡಾಕ್ಟರ್ ಆಚೆ ಹೋದರು. ಬೇನಜೀರ, ಪರಮೇಶಪ್ಪನ ಸೊಸೆ ಇಬ್ಬರೂ ಡಬ್ಬಿ ತೊಳೆಯಲು ನಳದ ಕಡೆ ನಡೆದರು.

"ಗುಳಿಗಿ ನುಂಗಿದ್ರ ದಿನಾಪೂರ್ತಿ ತೂಕಡಿಕಿ ನೋಡು," ಎಂದು ಪರಮೇಶಪ್ಪ ಗೊಣಗಿದ.

"ಅದನ್ನ ಡಾಕ್ಟ್ರ ಮುಂದ ಹೇಳಬೇಕಿತ್ತಿಲ್ಲೋ ಕಾಕಾ!" ಎಂದ ಶಾಕೀರ.

"ಸೊಸಿ ಮುಂದ? ನೀ ಯಾಕ ಹೇಳ್ಲಿಲ್ಲಪಾ, ಹೀರೊ?"

ಶಾಕೀರನದೂ ಅದೇ ಗೋಳು. ತೂಕಡಿಸುತ್ತ ಆಟೊ ಓಡಿಸುವುದು ಹೇಗೆ? ಮನೆಗೆ ಹೋದೊಡನೆ ಗುಳಿಗೆ ಬಿಡುವುದೆಂದು ಗುಟ್ಟಾಗಿ ನಿಶ್ಚಯಿಸಿದ್ದ. ಹೋದ ಸಲ ಹಾಗೆ ಬಿಟ್ಟು, ಮತ್ತೆ ಬಾಟಲಿ ಹಿಡಿದಿದ್ದ. ಇದನ್ನು ಬೇನಜೀರಳ ಎದುರು ಬಾಯಿಬಿಡುವುದುಂಟೇ?

ಆದರೆ ಹೀರೊ ಎಂದ ಮೇಲೆ ಸುಮ್ಮನಿರಲಾದೀತೇ! ಟವೆಲ್ಲನ್ನು ಸ್ಟೆತಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡು ಎದ್ದು ನಿಂತ.

"'ಆರಾಮಾ? ಗುಡ್. ಮುಂದಿನವರು!' ಏ ಡಾಕ್ಟ್ರೇ, ಸಂತ್ಯಾಗ ನಿಲ್ಲಿಸಿ ಮನಸಿನ ಮಾತು ಕೇಳಿದ್ರ ಯಾವನ್ ಹೇಳ್ತಾನ? ನಾನು ಆಟೊದಾಂವ. ಪ್ಯಾಸೆಂಜರ್ ಎಲ್ಲಿ ಇಳೀತಾನ ಅಂತ ಕೇಳೇ ಗಾಡಿ ಬಿಡ್ತೀನಿ. ನೀವು ಕೇಳೂದೇ ಇಲ್ಲ! ಹತ್ತಕ್ಕ ಎರಡು ಮಾರ್ಕ್ಸ್. ಅದೂ ಉಪ್ಪಿಟ್ಟಿಗೆ!"

ವಾರ್ಡು ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಮ್ಮೆಲೇ ಗಪ್‌ಚಿಪ್ಪಾಯಿತು. ಹಿಂದೆ ಬಾಗಿಲಲ್ಲಿ ಅರುಣಾ ನಿಂತಿದ್ದರು.

ಅವರು ಬಂದು ಸ್ಟೂಲಿನ ಮೇಲೆ ಕುಳಿತರು. "ಉಳಿದ ಎಂಟು ಯಾಕ ಕಟ್ ಮಾಡಿದ್ರಿ, ಡಾಕ್ಟ್ರೇ?"

ಅಷ್ಟರಲ್ಲಿ ಹೆಂಗಸರು ಮರಳಿದರು. ಅರುಣಾ ನಕ್ಕರು: "ನೀವಿಬ್ರೂ ಚಹಾ ಕುಡದ್ ಬರ್ರಿ."

"ನಾನೂನ್ರಿ?" ಬೇನಜೀರ ಗಂಡನನ್ನು ಅನುಮಾನದಿಂದ ನೋಡಿದಳು.

"ನೀವೂನೂ."

ಇನ್ನು ನಿಜ ಹೇಳಿಬಿಡೋಣ. ಎದುರಿಗೆ ಡೈಲಾಗ್ ಹೊಡೆದನೆಂದದ್ದು ಶುದ್ಧ ಬುರುಡೆ. ಡಾಕ್ಟರ್ ಹಿಂದಿದ್ದದ್ದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೀರೊನ ಟವೆಲ್ ಜಾರಿಬಿತ್ತು. ಕೊನೆಗೆ ಹೊರಟಿದ್ದು ಇಷ್ಟೇ: "ಮನೀಗ್ ಹೋಗಿ ಗುಳಿಗಿ ಬಿಡೂದಂತ ಮಾಡೇನ್ರಿ. ಬಿಟ್ರ ಮತ್ತ ಕುಡೀತೀನಿ ಅಂತ ಅಂಜಿಕಿನೂ ಐತ್ರಿ."

ಅರುಣಾ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಗುಳಿಗಿ ಬದಲ್ ಮಾಡಾಕ ಬರ್ತೈತಿ. ಗಡಿಬಿಡಿ ಇಲ್ಲ, ಮೊದಲಿಂದ ಹೇಳ್ರಿ."

ಪಕ್ಕದ ಮಂಚದಿಂದ ಒಂದು ಕೈ ಮೆಲ್ಲಗೆ ಮೇಲೆದ್ದಿತು.

"ಮೇಡಂ, ಮುಂಜಾನಿ ನಾನೂ ಸುಳ್ಳ ಹೇಳೇನ್ರಿ."