ಧೂಳಿನ ಬಳೆಯ ಸಂದು

ಗ್ರಹ ಹುಡುಕುವುದೆಂದರೆ ಟೆಲಿಸ್ಕೋಪಿಗೆ ಕಣ್ಣಿಟ್ಟುಕೊಂಡು ಕೂರುವುದಲ್ಲ ಎಂದು ಜನಕ್ಕೆ ವಿವರಿಸಿ ವಿವರಿಸಿ ನನ್ನ ಬಾಯಿ ಒಣಗಿದೆ. ಟೆಲಿಸ್ಕೋಪು ಇರುವುದು ಎಲ್ಲೋ ದೂರದ ಬೆಟ್ಟದ ಮೇಲೆ. ನಾನಿರುವುದು ಊಟದ ಮೇಜಿನ ಮುಂದೆ, ಕಂಪ್ಯೂಟರ್ ತೆರೆದುಕೊಂಡು, ತಣ್ಣಗಾದ ಕಾಫಿಯ ಪಕ್ಕ. ನನ್ನ ನಾದಿನಿಗೆ ಇಷ್ಟು ವರ್ಷವಾದರೂ ಇದು ತಲೆಗೆ ಹೋಗಿಲ್ಲ. "ಅತ್ತಿಗೆ, ಇವತ್ತು ಮೋಡ ಇದೆಯಲ್ಲ, ನಿಮಗೆ ರಜಾನಾ?" ಎಂದು ಕೇಳುತ್ತಾಳೆ. ಅಣ್ಣನನ್ನು ನೋಡಿಕೊಳ್ಳಲೆಂದು ತನ್ನ ಮನೆ ಬಿಟ್ಟು ಬಂದು ನಮ್ಮ ಜೊತೆಗಿರುವವಳು. ಹಾಗಾಗಿ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತೇನೆ.

ಅವಳ ಅಣ್ಣ ಎಂದರೆ ನಮ್ಮನೆಯವರು. ಇವರೂ ನಾನೂ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ನಮ್ಮಿಬ್ಬರದೂ ಒಂದೇ ನಕ್ಷತ್ರ. ಬೇರೆ ದಂಪತಿಗಳು ಸೈಟು ಕೊಂಡುಕೊಳ್ಳುವ ಹೊತ್ತಿನಲ್ಲಿ ನಾವು ಅದನ್ನು ಹಿಡಿದುಕೊಂಡೆವು. ಎಳೆಯ ನಕ್ಷತ್ರ, ಅದರ ಸುತ್ತ ಧೂಳಿನ ಅಗಲವಾದ ತಟ್ಟೆ. ತಟ್ಟೆಯ ನಡುವೆ ಸುತ್ತಲೂ ಒಂದು ಕಪ್ಪು ಸಂದು. ಸಂದಿನ ಈಚೆಗೊಂದು ಧೂಳಿನ ಬಳೆ, ಆಚೆಗೊಂದು ಬಳೆ, ಮಧ್ಯದಲ್ಲಿ ಯಾರೋ ಗುಡಿಸಿಟ್ಟಂತೆ ಖಾಲಿ. ಗುಡಿಸಿದವರು ಯಾರು? ಅಲ್ಲೊಂದು ಗ್ರಹವೇ ಸುತ್ತುತ್ತಿರಬೇಕು, ದಾರಿಯಲ್ಲಿನ ಧೂಳನ್ನೆಲ್ಲ ತಾನೇ ನುಂಗಿರಬೇಕು ಎಂದು ನಾವಿಬ್ಬರೂ ಹೇಳುತ್ತ ಬಂದೆವು. ಗ್ರಹವಿಲ್ಲದೆಯೂ ಸಂದು ಬೀಳುತ್ತದೆ ಎನ್ನುವವರು ಬೇಕಾದಷ್ಟಿದ್ದರು. ಸಭೆಗಳಲ್ಲಿ ಅವರು ನಮ್ಮನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ಗ್ರಹ ಕಾಣಲಿ, ಆಮೇಲೆ ನೋಡಿಕೊಳ್ಳೋಣ ಎಂದು ನಾನು ಇವರಿಗೆ ಹೇಳುತ್ತಿದ್ದೆ.

ಕಾಣುವುದೇ ಕಷ್ಟ. ನಕ್ಷತ್ರದ ಬೆಳಕನ್ನು ಲೆಕ್ಕ ಹಾಕಿ ಒರೆಸಿ ತೆಗೆದರೆ ಚಿತ್ರದಲ್ಲಿ ನೂರೆಂಟು ಚುಕ್ಕೆಗಳು ಉಳಿಯುತ್ತವೆ. ಹೆಚ್ಚಿನವು ಕಸ. ಕಣ್ಣು ಆಸೆಬುರುಕ, ತನಗೆ ಬೇಕಾದ ಕಡೆ ಬೇಕಾದ ಚುಕ್ಕೆ ಕಂಡುಕೊಳ್ಳುತ್ತದೆ. ಅದಕ್ಕೇ ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ: ಒಬ್ಬರು ಚಿತ್ರದೊಳಗೆ ಸುಳ್ಳು ಗ್ರಹಗಳನ್ನು ಸೇರಿಸಿ ಕೊಡುತ್ತಾರೆ, ಇನ್ನೊಬ್ಬರು ಹುಡುಕುತ್ತಾರೆ. ಸಿಕ್ಕರೆ ಹುಡುಕುವ ವಿಧಾನ ಸರಿಯಿದೆ ಎಂದರ್ಥ. ನಮ್ಮ ಮನೆಯಲ್ಲಿ ಇಡುವವರು ಇವರು, ಹುಡುಕುವವಳು ನಾನು. ಕಳ್ಳಗ್ರಹ ಎಂದು ಅದಕ್ಕೆ ಹೆಸರಿಟ್ಟಿದ್ದೆವು. ಎಲ್ಲಿ ಇಟ್ಟೆ ಎಂದು ಇವರು ಎಲ್ಲೂ ಬರೆದಿಡುತ್ತಿರಲಿಲ್ಲ, ಎಲ್ಲ ತಲೆಯಲ್ಲೇ. ನಾನು ಹುಡುಕಿ ಮುಗಿಸಿದ ಮೇಲೆ ಬೆರಳು ಮಡಚುತ್ತ, "ಇದು ನಂದು, ಇದು ನಂದು, ಇದು ಕಸ" ಎಂದು ಹೇಳಿ, ತಾವಿಟ್ಟದ್ದನ್ನೆಲ್ಲ ತೆಗೆದುಹಾಕುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಒಮ್ಮೆ ಆ ಸಂದಿನಲ್ಲೇ ಒಂದನ್ನು ಇಟ್ಟುಬಿಟ್ಟಿದ್ದರು. ನಾನು ಅರ್ಧ ದಿನ ನೆಲದ ಮೇಲೆ ಕಾಲಿಡಲಿಲ್ಲ. ಅಮ್ಮನಿಗೆ ಫೋನು ಮಾಡಿದ್ದೆ. ಆಮೇಲೆ ಇವರು ಹುಳ್ಳಹುಳ್ಳಗೆ ನಗುತ್ತ ನಿಜ ಹೇಳಿದಾಗ ಮೈಯೆಲ್ಲ ಉರಿದುಹೋಗಿ, ಎಷ್ಟೋ ದಿನ ಮಾತು ಬಿಟ್ಟೆ. ಕೊನೆಗೆ ಇವರೇ ಬಂದು, "ಮಾರಾಯ್ತಿ, ತಪ್ಪಾಯ್ತು. ಇನ್ಮೇಲೆ ಸಂದಿನಲ್ಲಿ ಯಾವತ್ತೂ ಇಡಲ್ಲ. ಅಲ್ಲಿ ಏನಾದ್ರೂ ಕಂಡ್ರೆ ಕಣ್ಣು ಮುಚ್ಚಿಕೊಂಡು ನಂಬು" ಎಂದರು. ಅಲ್ಲಿಂದೀಚೆಗೆ ಇವರು ಆ ಮಾತು ತಪ್ಪಿರಲಿಲ್ಲ.

ಇವರಿಗೆ ಮರೆವಿನ ಕಾಯಿಲೆ ಇದೆ ಎಂದು ತಿಳಿದದ್ದು, ಸಂಸ್ಥೆಯಿಂದ ಮನೆಗೆ ಬರುವ ದಾರಿ ಗೊತ್ತಾಗದೆ ಬಸ್ ನಿಲ್ದಾಣದಲ್ಲಿ ಕೂತಿದ್ದ ಸಂಜೆ. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ನಿಧಾನ ಮಾಡಬಹುದು, ನಿಲ್ಲಿಸೋಕ್ಕಾಗಲ್ಲ" ಎಂದರು. ನಾನು ಅಳಲಿಲ್ಲ. ನನಗೆ ಸಿಟ್ಟು ಬಂತು. ಊರಿನಲ್ಲಿ ತಲೆ ಉಪಯೋಗಿಸದೆ ಬದುಕುತ್ತಿರುವವರು ಎಷ್ಟೊಂದು ಜನ, ಇವರ ತಲೆಯೇ ಬೇಕಾಗಿತ್ತೇ? ಆ ದಿನದಿಂದ ನನಗೆ ಬೇಕಾಗಿದ್ದದ್ದು ಒಂದೇ. ಗ್ರಹವೆಂದರೆ ಏನೆಂದು ಇವರಿಗೆ ತಿಳಿಯುತ್ತಿರುವಾಗಲೇ ನಮ್ಮ ಗ್ರಹ ಸಿಗಬೇಕು. ಆಮೇಲೆ ಸಿಕ್ಕರೆ ನನಗೆ ಅದು ಬೇಡ.

ಇವರು ಕೆಲಸ ಬಿಡುವ ಮುಂಚೆ ನನಗೆಂದು ಸಿದ್ಧಮಾಡಿಟ್ಟಿದ್ದ ಕೊನೆಯ ಚಿತ್ರಗಳು ಉಳಿದಿದ್ದವು, ಎರಡು ರಾತ್ರಿ ತೆಗೆದವು. ಅವುಗಳನ್ನು ಹಿಡಿದು ಕೂತೆ. ನಾದಿನಿ ಇವರಿಗೆ ಸ್ನಾನ ಮಾಡಿಸುವಾಗ, ಅಂಗಿಯ ಗುಂಡಿ ಹಾಕುವಾಗ, ನಾನು ಮೇಜಿನ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದೆ. ಒಂದು ಬೆಳಗ್ಗೆ ಅದು ಕಂಡಿತು. ಸಂದಿನ ನಟ್ಟನಡುವೆ ಒಂದು ಚುಕ್ಕೆ, ಎರಡು ರಾತ್ರಿಯೂ ಅದೇ ಜಾಗದಲ್ಲಿ. ನನ್ನ ಜಾಗದಲ್ಲಿ ಬೇರೆ ಯಾರೇ ಇದ್ದರೂ ಮೊದಲು ಬೆಟ್ಟದಿಂದ ಮೂಲ ಚಿತ್ರ ತರಿಸಿ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ನಾನು ತರಿಸಲಿಲ್ಲ. ಸಂದಿನಲ್ಲಿ ಇವರು ಇಡುವುದಿಲ್ಲವಲ್ಲ.

ಹೋಗಿ ಹೇಳಿದೆ. ಅವತ್ತು ಇವರ ಮನಸ್ಸು ನೆಟ್ಟಗಿತ್ತು.

"ರೀ, ಸಿಕ್ತು."

"ಏನು? ಕನ್ನಡಕನಾ?"

"ಗ್ರಹ ಕಣ್ರೀ. ಸಂದಿನಲ್ಲಿ."

ಇವರು ಕುರ್ಚಿಯಿಂದ ಎದ್ದು ನಿಂತರು. ಗಲ್ಲ ನಡುಗುತ್ತಿತ್ತು. "ನಾ ಹೇಳಿರ್ಲಿಲ್ವಾ? ನಾ ಹೇಳಿರ್ಲಿಲ್ವಾ?" ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದರು. ಚಿತ್ರ ತರುತ್ತೇನೆಂದರೆ ಬೇಡವೆಂದರು. "ದೊಡ್ಡ ಟೆಲಿಸ್ಕೋಪಲ್ಲಿ ತೆಗೆಸು. ನೋಡಿದ್ರೆ ಚೆನ್ನಾಗಿರೋದನ್ನೇ ನೋಡ್ತೀನಿ." ನಾದಿನಿಗೆ ಹೇಳಿದರು, ಮೀಟರ್ ನೋಡಲು ಬಂದವನನ್ನು ಕೂರಿಸಿಕೊಂಡು ಹೇಳಿದರು. ಮರುದಿನ ಮರೆತರು. ನಾನು ಮತ್ತೆ ಹೇಳಿದೆ, ಮತ್ತೆ ಎದ್ದು ನಿಂತರು, ಮತ್ತೆ ಗಲ್ಲ ನಡುಗಿತು. ಹೀಗೆ ಆ ಗ್ರಹವನ್ನು ನಾವು ದಿನಾ ಹೊಸದಾಗಿ ಕಂಡುಹಿಡಿಯುತ್ತಿದ್ದೆವು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅಷ್ಟು ಸುಖವಾಗಿದ್ದ ದಿನಗಳು ಬೇರೆ ಇಲ್ಲ.

ಸಂಸ್ಥೆಯ ಡೈರೆಕ್ಟರು ಒಂದು ಕಾಲಕ್ಕೆ ಇವರ ಶಿಷ್ಯ. ಯಾರ್ಯಾರ ಕೈಕಾಲು ಹಿಡಿದರೋ, ದೊಡ್ಡ ಟೆಲಿಸ್ಕೋಪಿನಲ್ಲಿ ಸಮಯ ಕೊಡಿಸಿದರು. ಅವರು ಫೋನು ಮಾಡುತ್ತಾರೆಂದು ಕಾಯುತ್ತಿದ್ದೆ. ಫೋನು ಬರಲಿಲ್ಲ, ಅವರೇ ಮನೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಹಿಡಿದ ಹೊತ್ತು ನೋಡಿಯೇ ನನಗೆ ಗೊತ್ತಾಗಬೇಕಿತ್ತು.

"ಮೇಡಂ, ಅಲ್ಲಿ ಏನೂ ಇಲ್ಲ."

"ಸರಿಯಾಗಿ ನೋಡಿದಾರಾ ಅವರು?"

"ನಿಮ್ಮ ಚುಕ್ಕೆಗಿಂತ ಎಷ್ಟೋ ಮಸುಕಾಗಿರೋದೂ ಕಾಣೋ ಹಾಗೆ ನೋಡಿದಾರೆ. ಸಂದು ಖಾಲಿ. ಗ್ರಹ ಇದ್ರೂ ತೀರಾ ಸಣ್ಣದು, ಯಾವ ಟೆಲಿಸ್ಕೋಪಿಗೂ ಸಿಗಲ್ಲ."

"ಮತ್ತೆ ನಂಗೆ ಕಂಡಿದ್ದೇನು? ದೆವ್ವಾನಾ?"

ಅವರು ತಲೆ ತಗ್ಗಿಸಿ ಚೀಲದಿಂದ ತಮ್ಮ ಕಂಪ್ಯೂಟರ್ ತೆಗೆದರು. "ಮೂಲ ಚಿತ್ರ ತರಿಸಿದೀನಿ. ಅದ್ರಲ್ಲೂ ಇಲ್ಲ. ಇಲ್ಲಿಗೆ ಬಂದ್ಮೇಲೆ ಸೇರಿದ್ದು ಅದು. ಸಾರ್ ಇಟ್ಟಿರಬಹುದಾ ಅಂತ..."

"ಸಂದಿನಲ್ಲಿ ಇವರು ಇಡಲ್ಲ" ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕೆಲಸ ಬಾರದವರು, ಹೊಟ್ಟೆಕಿಚ್ಚಿನವರು, ಗುರುವಿನ ಋಣ ಮರೆತವರು ಎಂದೆ. ಪಾಪ, ಅವರು ಮೂಲ ಚಿತ್ರವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟು, ಕಾಫಿಯನ್ನೂ ಮುಟ್ಟದೆ ಎದ್ದು ಹೋದರು.

ಅದನ್ನೂ ನನ್ನ ಚಿತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಒಂದರಲ್ಲಿ ಚುಕ್ಕೆ ಇದೆ, ಇನ್ನೊಂದರಲ್ಲಿ ಇಲ್ಲ. ಇಟ್ಟವರು ಇವರೇ, ಬೇರೆ ಯಾರೂ ಆ ಚಿತ್ರಗಳನ್ನು ಮುಟ್ಟಿರಲಿಲ್ಲ. ತಮಾಷೆಗಲ್ಲ, ಮೋಸಕ್ಕಲ್ಲ. ಕೊಟ್ಟ ಮಾತು ಆ ಚಿತ್ರ ಸಿದ್ಧಮಾಡುವ ಹೊತ್ತಿಗಾಗಲೇ ಇವರ ತಲೆಯಿಂದ ಜಾರಿಹೋಗಿತ್ತು, ಅಷ್ಟೇ. ಆಗ ನಾವಿನ್ನೂ ಒಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದೆವು, ಒಟ್ಟಿಗೆ ಊಟ ಮಾಡಿ ನಗುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ನನ್ನ ಗಂಡ ಒಬ್ಬರೇ ಕರಗಿಹೋಗುತ್ತಿದ್ದರು, ನನಗೆ ಗೊತ್ತಾಗಲಿಲ್ಲ. ಗ್ರಹ ಇಲ್ಲ. ಇನ್ನೊಂದನ್ನು ಹುಡುಕುವಷ್ಟು ಕಾಲವೂ ಇಲ್ಲ. ನನ್ನ ಕೈಗೆ ಏನೂ ಉಳಿದಿರಲಿಲ್ಲ.

ನಾದಿನಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅಣ್ಣಂಗೆ ಹೇಳ್ಬೇಡಿ ಅತ್ತಿಗೆ" ಎಂದಳು. "ಖುಷಿಯಾಗಿದಾನೆ. ಹೇಗೂ ನಾಳೆ ಮರೀತಾನೆ."

"ನಾಳೆ ಮರೆಯೋದಾದ್ರೆ ಇವತ್ತು ಹೇಳಿದ್ರೆ ಏನಾಗುತ್ತೆ?"

"ಸುಮ್ನೆ ಯಾಕೆ ಅಳಿಸ್ತೀರಾ?"

ಅಳಿಸಬೇಕೆಂದು ಅಲ್ಲ. ನಾನು ಅಳಬೇಕಿತ್ತು. ಡೈರೆಕ್ಟರಿಗೆ ಅದೊಂದು ತಪ್ಪು ಫಲಿತಾಂಶ, ನಾದಿನಿಗೆ ಅದೊಂದು ಚುಕ್ಕೆ. ಆ ಸಂದು ಖಾಲಿ ಎಂದರೆ ಏನೆಂದು ಈ ಭೂಮಿಯ ಮೇಲೆ ಅರ್ಥವಾಗುವ ಮನುಷ್ಯ ಇನ್ನೊಬ್ಬರೇ ಇದ್ದದ್ದು. ಒಂದು ಗಳಿಗೆಯಾದರೂ ಸರಿ, ಇವರ ಪಕ್ಕ ಕೂತು ಅಳಬೇಕು ಅನ್ನಿಸಿತು. ಎದುರಿಗೆ ಬಂದ ನಾದಿನಿಯನ್ನು ಸರಿಸಿ ಹೋದೆ.

ಇವರು ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಿದ್ದರು. ನಾನೇನೂ ಹೇಳದೆ ಚುಕ್ಕೆಯಿದ್ದ ಚಿತ್ರಗಳನ್ನು ತೆರೆದು ತೊಡೆಯ ಮೇಲಿಟ್ಟೆ. ಇವರು ಕನ್ನಡಕ ಹಾಕಿಕೊಂಡರು. ಬೆನ್ನು ನೆಟ್ಟಗಾಯಿತು. ಮೊದಲ ರಾತ್ರಿಯದು ನೋಡಿದರು, ಎರಡನೆಯದು ನೋಡಿದರು, ಮತ್ತೆ ಮೊದಲನೆಯದಕ್ಕೆ ಹೋದರು. ಬೆರಳುಗಳು ತಮ್ಮ ಪಾಡಿಗೆ ತಾವು ಗುಂಡಿಗಳನ್ನು ಒತ್ತುತ್ತಿದ್ದವು. ಬೆಳಗ್ಗೆ ಅಂಗಿಯ ತೋಳು ಹುಡುಕಲಾಗದೆ ಒದ್ದಾಡಿದ ಬೆರಳುಗಳೇ ಅವು.

"ಈ ಚುಕ್ಕೆ ನಿಜವಾದದ್ದಲ್ಲ" ಎಂದರು.

"ಹೇಗೆ ಹೇಳ್ತೀರಿ?"

"ನೋಡಿ ಇಲ್ಲಿ. ಎರಡನೇ ರಾತ್ರಿ ಗಾಳಿ ಕೆಟ್ಟಿದೆ, ನಕ್ಷತ್ರ ಹರಡಿಕೊಂಡಿದೆ. ಚುಕ್ಕೆ ಮಾತ್ರ ಎರಡು ರಾತ್ರೀನೂ ಒಂದೇ ಥರ ಚೂಪಾಗಿದೆ. ನಿಜವಾದ ಗ್ರಹ ಆಗಿದ್ರೆ ಅದೂ ಹರಡ್ಬೇಕಿತ್ತಲ್ವಾ? ಮೊದಲ್ನೇ ರಾತ್ರಿದನ್ನೇ ಎತ್ತಿ ಎರಡನೇದ್ರಲ್ಲೂ ಅಂಟಿಸಿದಾನೆ. ಯಾರೋ ಹೊಸಬ ಇರ್ಬೇಕು."

ಅಷ್ಟು ದಿನ ನೋಡಿದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಇವರು ಒಂದು ನಿಮಿಷದಲ್ಲಿ ಹಿಡಿದರು. ನನ್ನ ಗಂಡ ಅಲ್ಲೇ ಇದ್ದರು, ಪೂರ್ತಿ ಇದ್ದರು. ದುಃಖದ ಜೊತೆಗೇ ಸಂತೋಷವೂ ಉಕ್ಕಿ ಬಂತು. ಪಕ್ಕದಲ್ಲಿ ಕುಸಿದು ಕೂತು ಇವರ ಕೈ ಹಿಡಿದುಕೊಂಡೆ.

ಇವರು ಕೈಯನ್ನು ಮೆಲ್ಲಗೆ, ಮರ್ಯಾದೆಯಿಂದ ಬಿಡಿಸಿಕೊಂಡರು. ಕಂಪ್ಯೂಟರ್ ಮುಚ್ಚಿದರು. ನಾದಿನಿ ಪಾತ್ರೆ ಸದ್ದು ಮಾಡುತ್ತಿದ್ದ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು.

"ನೀವು ಸಂಸ್ಥೆಯಿಂದ ಬಂದಿದೀರಾ? ಒಂದು ಉಪಕಾರ ಮಾಡಿ. ಇದನ್ನ ನನ್ನ ಹೆಂಡ್ತಿಗೆ ಹೇಳ್ಬೇಡಿ. ಅವಳು ಈ ಗ್ರಹದ ಮೇಲೆ ತುಂಬಾ ಆಸೆ ಇಟ್ಕೊಂಡಿದಾಳೆ. ಸಿಟ್ಟು ಜಾಸ್ತಿ ಅವಳಿಗೆ, ಆದ್ರೆ ಒಳಗೊಳಗೇ ಅಳ್ತಾಳೆ. ಸಮಯ ನೋಡಿ ನಾನೇ ಹೇಳ್ತೀನಿ."

"ಆಯ್ತು" ಎಂದೆ. "ಹೇಳಲ್ಲ."