‘ಫ್ರೆನ್ಜಿ’ ಪದಕ್ಕೊಂದು ವಾಕ್ಯ

ಮೇಷ್ಟ್ರು ಒಬಾರೆ, ಎಲ್ಲರ ‘ಮ್ವಾಲಿಮು’, ಕರಿಹಲಗೆಯ ಮೇಲೆ ‘ಫ್ರೆನ್ಜಿ’ ಎಂಬ ಇಂಗ್ಲಿಷ್ ಪದ ಬರೆದು, ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಸಂಜೆ ಐದೂವರೆ. ಚರ್ಚಿನ ಹಿಂದಿನ ಕೋಣೆಯಲ್ಲಿ, ಮಕ್ಕಳಿಗೆಂದು ಮಾಡಿಸಿದ ಬೆಂಚುಗಳ ಮೇಲೆ ಹನ್ನೊಂದು ಮಂದಿ ಹೆಂಗಸರು ಮೊಣಕಾಲು ಮಡಚಿ ಕೂತಿದ್ದರು. ಎಲ್ಲರ ಕೈಯಲ್ಲೂ ಒಮೆನಾ ಎಂಬ ಪುಟ್ಟ ಮೀನಿನ ವಾಸನೆ. ಎಷ್ಟು ಸೋಪು ಹಚ್ಚಿದರೂ ಅದು ಹೋಗುವುದಿಲ್ಲ.

“ಹಂಗಂದ್ರೆ ಏನು, ಮ್ವಾಲಿಮು?”

“ತಲೆಕೆಟ್ಟವರ ಹಾಗೆ ಗಡಿಬಿಡಿ. ಎಲ್ಲರೂ ಒಟ್ಟಿಗೇ ಓಡೋದು, ಎಳೆದಾಡೋದು, ಕಿರುಚೋದು. ಏನು ಮಾಡ್ತಿದ್ದೀವಿ ಅನ್ನೋ ಪ್ರಜ್ಞೆಯೇ ಇರಲ್ಲ. ಈಗ ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಿ.”

ಎಲ್ಲರಿಗಿಂತ ಹಿರಿಯಳಾದ ಮಿನ್ ಒಗಾಲೊ ಮೊದಲು ಬಾಯಿ ತೆಗೆದಳು. “ಕ್ರಿಸ್‌ಮಸ್ ಹಿಂದಿನ ದಿನ ಮಟಾಟು ವ್ಯಾನು ಹತ್ತೋರದ್ದು ಫ್ರೆನ್ಜಿ. ಹೋದ ವರ್ಷ ನನ್ನದೊಂದು ಚಪ್ಪಲಿ ಕಿಸುಮುಗೆ ಹೋಯ್ತು. ನಾನು ಇಲ್ಲೇ ಉಳಿದೆ.”

“ಹೋಗ್ಲಿ ಬಿಡಮ್ಮ, ಚಪ್ಪಲಿಯಾದ್ರೂ ಪಟ್ಟಣ ನೋಡ್ತಲ್ಲ!” ಎಂದಳು ಹಿಂದಿನ ಬೆಂಚಿನವಳು.

ನಗು ಇಳಿದ ಮೇಲೆ ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. “ನ್ಯಾರ್ ಅಸೆಂಬೊ, ನಿನ್ನದು?”

ಹಾಗೆಂದರೆ ಅಸೆಂಬೊ ಊರಿನ ಮಗಳು. ಮದುವೆಯಾಗಿ ಸರೋವರದ ಈ ಉಯೋಮ ದಂಡೆಗೆ ಬಂದಾಗಿನಿಂದ ಎಲ್ಲರೂ ಅವಳನ್ನು ಕರೆಯುವುದು ತವರೂರಿನ ಹೆಸರಿನಿಂದಲೇ. ತ್ರುಫೇನಾ ಎಂಬ ಅವಳ ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ಗೆಳತಿ ದೊರ್ಸಿಲಾ. ಈಗ ಪಕ್ಕದಲ್ಲಿ ಅವಳ ಜಾಗ ಖಾಲಿ. ಅಲ್ಲಿ ತ್ರುಫೇನಾ ತನ್ನ ಚೀಲ ಇಟ್ಟುಕೊಳ್ಳುತ್ತಿದ್ದಳು, ಬೇರೆ ಯಾರೂ ಬಂದು ಕೂರದಿರಲೆಂದು.

“ನಾಳೆ ಬರ್ಕೊಂಡು ಬರ್ತೀನಿ, ಮ್ವಾಲಿಮು,” ಎಂದಳು.

ವಾಕ್ಯ ಅವಳ ಹತ್ತಿರ ಇಲ್ಲದೆ ಇರಲಿಲ್ಲ. ಏಪ್ರಿಲ್ ತಿಂಗಳಿಂದ ಅವಳ ತಲೆಯಲ್ಲಿ ಅದೊಂದೇ ಇತ್ತು.

ಬೆಳಿಗ್ಗೆ ದೋಣಿಗಳು ತಂದ ಒಮೆನಾವನ್ನು ಹೆಂಗಸರು ಮರಳಿನ ಮೇಲೆ ಬಲೆ ಹಾಸಿ ಒಣಗಿಸುತ್ತಾರೆ. ಮಳೆ ಬಂದರೆ ದಂಡೆಗೊಂದು ಕಟ್ಟಳೆ: ಯಾರು ಅಲ್ಲಿಲ್ಲವೋ ಅವಳ ಬಲೆಯನ್ನು ಪಕ್ಕದವಳು ಮೊದಲು ಎತ್ತಬೇಕು, ಆಮೇಲೆ ತನ್ನದು. ಏಪ್ರಿಲ್‌ನ ಆ ದಿನ ದೊರ್ಸಿಲಾ ತನ್ನ ಬಲೆಯನ್ನು ಎಂದಿನಂತೆ ತ್ರುಫೇನಾಳ ಬಲೆಯ ಪಕ್ಕದಲ್ಲಿ ಹಾಸಿ ಬೊಂಡೊ ಪೇಟೆಗೆ ಹೋಗಿದ್ದಳು. ವಯಸ್ಕರ ಶಿಕ್ಷಣದ ಪರೀಕ್ಷೆಗೆ ತನ್ನ ಹೆಸರನ್ನೂ ತ್ರುಫೇನಾಳ ಹೆಸರನ್ನೂ ಬರೆಸಲು. ಮಧ್ಯಾಹ್ನ ಸರೋವರದ ಆ ತುದಿಯಿಂದ ಮಳೆ ಗೋಡೆಯ ಹಾಗೆ ಎದ್ದು ಬಂತು. ದಂಡೆಯೆಲ್ಲ ಕೂಗಾಟ, ಓಡಾಟ. ಮಳೆ ನಿಂತಾಗ ತ್ರುಫೇನಾಳ ಮೀನು ತಗಡಿನ ಸೂರಿನಡಿ ಒಣಗಿಯೇ ಇತ್ತು, ದೊರ್ಸಿಲಾಳದು ನೆನೆದು ಮುದ್ದೆಯಾಗಿತ್ತು. ಅಷ್ಟೂ ಕೋಳಿ ಮೇವಿಗೆ ಹೋಯಿತು.

“ಆ ಗಲಾಟೆಯಲ್ಲಿ ಯಾರಿಗೆ ಏನು ಕಂಡೀತು,” ಎಂದರು ಎಲ್ಲರೂ.

ದೊರ್ಸಿಲಾ ಮಾತ್ರ ಕೇಳಿದಳು. “ನೀನು ನೋಡ್ಲಿಲ್ವಾ, ತ್ರುಫೇನಾ?”

“ಇಲ್ಲ ಕಣೇ.”

ದೊರ್ಸಿಲಾ ಪರೀಕ್ಷೆಯ ಚೀಟಿಯನ್ನು ಅವಳ ಕೈಗಿಟ್ಟು ಹೋದಳು. ವಾರ ಕಳೆಯುವುದರೊಳಗೆ ಬಲೆ ಸುತ್ತಿಕೊಂಡು ಮ್ಫಂಗಾನೊ ದ್ವೀಪಕ್ಕೆ, ಅಣ್ಣನ ಮನೆಗೆ ಹೊರಟುಬಿಟ್ಟಳು. ಫೋನ್ ಮಾಡಿದರೆ ಎತ್ತಲಿಲ್ಲ.

ಮರುದಿನ ಮೀನು ಹರವಿ, ತ್ರುಫೇನಾ ಮಗುಚಿದ ದೋಣಿಯ ನೆರಳಲ್ಲಿ ನೋಟ್‌ಬುಕ್ ತೆರೆದು ಕೂತಳು. ಹಿಂದೆ ಇಬ್ಬರೂ ಪಂಥ ಕಟ್ಟಿದ್ದರು, ಇನ್ನು ಮುಂದೆ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲೇ ಕಾಗದ ಬರೆಯಬೇಕೆಂದು. ಒಂದೇ ಬೇಲಿಯ ಆಚೆ ಈಚೆ ಇದ್ದುಕೊಂಡು! ಒಲೆ ಉರಿಯುತ್ತಿಲ್ಲ, ಉಪ್ಪು ಕೊಡು ಎಂದು ಕೂಡ ಬರೆದು, ಬೇಲಿಯ ಮೇಲಿಂದ ಎಸೆದು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈಗ ಬರೆದಳು: ‘ಪ್ರೀತಿಯ ದೊರ್ಸಿಲಾ, ಆ ದಿನ ದಂಡೆಯಲ್ಲಿ ಫ್ರೆನ್ಜಿ ಇತ್ತು. ನಿನ್ನ ಬಲೆ ನನಗೆ ಕಾಣಲಿಲ್ಲ.’

ಸಂಜೆ ಮೇಷ್ಟ್ರು ಓದಿ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದರು. “ಭೇಷ್! ಪದ ಸರಿಯಾದ ಜಾಗದಲ್ಲಿ ಕೂತಿದೆ.”

ಅವಳು ನೋಟ್‌ಬುಕ್ ತೆಗೆದುಕೊಳ್ಳಲಿಲ್ಲ. “ಮ್ವಾಲಿಮು, ಎಲ್ಲರೂ ಹಾಗೆ ಓಡಾಡ್ತಿರುವಾಗ ಒಬ್ಬಳಿಗೆ ಮಾತ್ರ ಪ್ರಜ್ಞೆ ಇತ್ತು ಅಂದ್ಕೊಳ್ಳಿ. ಅವಳಿಗೂ ಈ ಪದ ಹಾಕಬಹುದಾ?”

“ಹಾಕಿದ್ರೆ ವಾಕ್ಯವೇನೂ ತಪ್ಪಾಗಲ್ಲ.”

“ಸುಳ್ಳಾಗುತ್ತಲ್ಲ?”

ಒಬಾರೆ ಕನ್ನಡಕ ತೆಗೆದು ಅವಳನ್ನು ನೋಡಿದರು. “ಅದಕ್ಕೆ ನಾನು ಮಾರ್ಕ್ಸ್ ಕಳೆಯೋಕಾಗಲ್ಲ, ತಾಯಿ.”

ಆ ಪದ ಎಷ್ಟು ಮೆತ್ತಗಿತ್ತು! ಅದರೊಳಗೆ ಇಡೀ ದಂಡೆಯೇ ಹಿಡಿಸುತ್ತಿತ್ತು. ಕಿರುಚಿದವರು, ಬಿದ್ದವರು, ಯಾರದೋ ಬಲೆ ಯಾರೋ ಎಳೆದವರು. ತಾನೂ ಒಂದು ಮೂಲೆಯಲ್ಲಿ ಅಡಗಿ ಕೂತರೆ ಯಾರು ಹುಡುಕುತ್ತಿದ್ದರು? ಆದರೆ ಹಾಗೆ ಕೂತವಳನ್ನು ದೊರ್ಸಿಲಾ ತ್ರುಫೇನಾ ಎಂದು ಕರೆಯುವುದಿಲ್ಲ, ಅಷ್ಟು ಅವಳಿಗೆ ಗೊತ್ತಿತ್ತು.

ಅಲ್ಲೇ ನಿಂತು ಹಾಳೆ ಹರಿದಳು. ಹೊಸ ಹಾಳೆಯಲ್ಲಿ, ಒಂದೊಂದು ಪದಕ್ಕೂ ತಡವರಿಸುತ್ತ, ಬರೆದಳು: ‘ಎಲ್ಲರಿಗೂ ಫ್ರೆನ್ಜಿ ಇತ್ತು. ನನಗೆ ಇರಲಿಲ್ಲ. ನಿನ್ನ ಬಲೆ ಕಂಡಿತು. ಸ್ವಲ್ಪ ಹೊತ್ತು ನಿಂತೆ. ಆಮೇಲೆ ನನ್ನದನ್ನು ಎತ್ತಿದೆ.’

ಮೇಷ್ಟ್ರಿಗೆ ತೋರಿಸಲಿಲ್ಲ. ಬೆಳಿಗ್ಗೆ ದ್ವೀಪದ ದೋಣಿಯವನ ಕೈಗೆ ಕೊಟ್ಟಳು.

ಅಂದಿನಿಂದ ದ್ವೀಪದ ದೋಣಿ ಕಂಡಾಗಲೆಲ್ಲ ಅವಳ ಕೈಯಲ್ಲಿನ ಮೀನು ಕೈಯಲ್ಲೇ ನಿಲ್ಲುತ್ತಿತ್ತು. ಬಾಳೆಗೊನೆ ಇಳಿಯುತ್ತಿತ್ತು, ಸೋಡಾ ಕ್ರೇಟು ಇಳಿಯುತ್ತಿತ್ತು. ಮಿನ್ ಒಗಾಲೊ ರೇಗಿಸಿದಳು, “ಏನೇ, ನೀರಿನ ಮೇಲೆ ಗಂಡು ನೋಡ್ತಿದ್ದೀಯಾ? ಮನೆಯಲ್ಲಿರೋನು ಸಾಲದಾ?”

ಹನ್ನೆರಡನೆಯ ದಿನ ದೋಣಿಯವನು ಹೆಗಲಿನಿಂದ ಒಂದು ಸುರುಳಿ ಇಳಿಸಿದ. ಹಳೇ ಬಲೆ. ಒಂದು ಮೂಲೆಯಲ್ಲಿ ನೀಲಿ ದಾರದ ತೇಪೆ. ಆ ತೇಪೆ ಹಾಕಿದ್ದು ತ್ರುಫೇನಾಳೇ.

“ಕಾಗದ ಇಲ್ವಾ?”

“ಇಲ್ಲ. ನಿನ್ನ ಕಾಗದ ಓದಿ ಬೈದಳು. ಏನು ಬೈದಳು ಅಂತ ಹೇಳಲ್ಲ, ನನಗೂ ಮಕ್ಕಳಿದ್ದಾರೆ. ಆಮೇಲೆ ಮೂರು ಸಲ ಓದಿದಳು. ಇವತ್ತು ಇದನ್ನ ಕೊಟ್ಟು, ‘ನನ್ನ ಜಾಗದಲ್ಲಿ ಹಾಸು ಅನ್ನು’ ಅಂದಳು.”

“ಯಾವಾಗ ಬರ್ತಾಳಂತೆ?”

“ಅದನ್ನ ನಾನು ಕೇಳಿದ್ರೆ ನನ್ನನ್ನೂ ಬೈತಿದ್ದಳು.”

ತ್ರುಫೇನಾ ತನ್ನ ಬಲೆಯ ಪಕ್ಕದ ಮರಳನ್ನು ಕೈಯಿಂದ ಸವರಿ, ಕಸಕಡ್ಡಿ ಆರಿಸಿ, ಬಲೆ ಹಾಸಿದಳು. ನಾಲ್ಕು ಮೂಲೆಗೂ ಕಲ್ಲಿಟ್ಟಳು. ಅದರ ಮೇಲೆ ಒಂದು ಮೀನೂ ಇರಲಿಲ್ಲ. ಮಧ್ಯಾಹ್ನ ಆಚೆ ದಡದಲ್ಲಿ ಮೋಡ ಕಪ್ಪಾಗಿ, ಹೆಂಗಸರು ಕೂಗಿಕೊಂಡು ಎದ್ದಾಗ, ಅವಳು ಮೊದಲು ಆ ಖಾಲಿ ಬಲೆಯ ಕಡೆಗೆ ಓಡಿದಳು.