ಎರಡು ಭಾಷೆಯ ಜೋಗುಳ

ಸ್ಪೀಕರನ್ನು ಎತ್ತಿ ಕಿಟಕಿಯ ಮೇಲಿಡಲು ಹೋದ ತಂಗಿಯ ಕೈಯನ್ನು ದೊಡ್ಡಣ್ಣ ಹಿಡಿದುಕೊಂಡ.

"ಏನಮ್ಮ ಇದು?"

"ಚಿಕ್ಕಣ್ಣನ ಹಾಡು ಹಾಕ್ತೀನಿ. ಹೆಣ ಎತ್ತೋ ಮುಂಚೆ ಒಂದು ಸಲ ಜನ ಕೇಳಲಿ."

"ಆ ಭಾಷೆ ಇವತ್ತು ಬೇಡ. ಯುದ್ಧದಲ್ಲಿ ಮಗನ್ನ ಕಳಕೊಂಡವರು ಹೊರಗೆ ಕೂತಿದಾರೆ."

"ಅದು ಅಮ್ಮನ ಭಾಷೆ ಅಣ್ಣ."

"ಸತ್ತವನೇನೋ ಹೋದ. ನಾವು ಇದೇ ಬೀದೀಲಿ ಬಾಳಬೇಕು."

*

ಸತ್ತವನು ಕೀಬೋರ್ಡ್ ರಿಪೇರಿ ಮಾಡಿ ಬದುಕಿದವನು. ಅವರಮ್ಮ ಗಡಿಯಾಚೆಯವಳು, ಅಪ್ಪ ಈಚೆಯವನು. ಯುದ್ಧ ಶುರುವಾದ ವರ್ಷ, ಹಾಸಿಗೆ ಹಿಡಿದಿದ್ದ ಅಮ್ಮನ ಹತ್ತಿರ ಜೋಗುಳ ಹಾಡಿಸಿ ರೆಕಾರ್ಡ್ ಮಾಡಿಕೊಂಡ. ಅಪ್ಪ ಮರ ಕೊಯ್ಯುವಾಗ ಗುನುಗುತ್ತಿದ್ದ ಪದವನ್ನು ತಾನೇ ಹಾಡಿದ. ಎರಡನ್ನೂ ಕಂಪ್ಯೂಟರಿನಲ್ಲಿ ಬೆರೆಸಿ, ಗರಗಸದ ಸದ್ದನ್ನೇ ತಾಳವಾಗಿಸಿ ಒಂದು ಆಲ್ಬಮ್ ಮಾಡಿದ. ಕೊನೆಯ ಹಾಡಿನಲ್ಲಿ 'ನಾನು ಯಾರನ್ನೂ ಕೊಲ್ಲಲಾರೆ' ಎಂಬ ಒಂದೇ ಸಾಲು, ಎರಡೂ ಭಾಷೆಯಲ್ಲಿ.

ತಂಗಿ ಕೇಳಿ ನಕ್ಕಿದ್ದಳು. "ಅಮ್ಮ ಮಿಕ್ಸಿಯೊಳಗೆ ಕೂತು ಹಾಡಿದಂಗಿದೆ."

"ಆದ್ರೂ ಅಮ್ಮ ಅಂತ ಗೊತ್ತಾಯ್ತಲ್ಲ, ಸಾಕು."

ಈಚೆಯವರು ದ್ರೋಹಿ ಎಂದು ಅಂಗಡಿಗೆ ಕಲ್ಲು ಹೊಡೆದರು. ಆಚೆಯವರು ತಮ್ಮ ಜೋಗುಳ ಕೆಡಿಸಿದ ಎಂದು ಉಗಿದರು. "ಇಬ್ಬರೂ ಒಪ್ಪಿದ ಮಾತು ಇದೊಂದೇ" ಎಂದು ಅವನು ನಗಾಡಿದ. ಆಮೇಲೆ ಹಾಡು ಕಟ್ಟಲಿಲ್ಲ. ಮಗ ಸೈನ್ಯಕ್ಕೆ ಸೇರಿದಾಗ ಮುನಿಸಿಕೊಂಡು ಊಟ ಬಿಟ್ಟ. ಕೊನೆಗೆ ತಾನೇ ಬಡಿಸಿಕೊಂಡು ತಿಂದ.

*

ದೊಡ್ಡಣ್ಣ ಆಚೆ ಹೋದದ್ದೇ ತಡ, ಅವಳು ಸಣ್ಣದಾಗಿ ಹಾಡು ಹಾಕಿಯೇಬಿಟ್ಟಳು. ಅಮ್ಮನ ದನಿ ಒಡೆದೊಡೆದು ಬಂತು. ಹೊರಗೆ ಕುರ್ಚಿಗಳು ಸರಿದ ಸದ್ದಾಯಿತು. ಸಮವಸ್ತ್ರದಲ್ಲಿದ್ದ ಮಗ ಒಳಗೆ ಬಂದ.

"ಅತ್ತೆ, ಆರಿಸಿ."

"ನಿಮ್ಮಪ್ಪಂದು ಕಣೋ."

"ಗೊತ್ತು. ಅಪ್ಪಂದು ಅಂತಾನೇ ಸ್ಕೂಲಲ್ಲಿ ಒದೆ ತಿಂದಿದೀನಿ."

ಅವಳು ಆರಿಸಿದಳು. ಹೆಣ ಎತ್ತಿದರು. ಮಣ್ಣು ಮಾಡಿ ಬಂದಾಗ ಅಂಗಳದಲ್ಲಿ ಮನೆಯವರ ಹೊರತು ಯಾರೂ ಇರಲಿಲ್ಲ.

ಸಂಜೆಯ ಬಸ್ಸಿಗೆ ಮಗ ಗಡಿಗೆ ವಾಪಸ್ಸು ಹೊರಟ. ಹೊರಡುವ ಮುನ್ನ ಅಪ್ಪನ ಕೋಣೆಗೆ ಹೋಗಿ ದಪ್ಪ ಹೆಡ್‌ಫೋನ್ ಹಿಡಿದು ಬಂದ.

"ಇದು ನಾನು ತಗೊಳ್ಲಾ ಅತ್ತೆ?"

"ತಗೋ ಕಂದ. ಅದರಲ್ಲಿ ಹಾಡು ಚೆನ್ನಾಗಿ ಕೇಳುತ್ತೆ."

"ಹಾಡಿಗಲ್ಲ. ಫಿರಂಗಿ ಪಕ್ಕ ನಿಂತೂ ನಿಂತೂ ಕಿವಿ ಹೋಗ್ತಾ ಇದೆ."

ತಂತಿಯನ್ನು ಬುಡಕ್ಕೇ ಕತ್ತರಿಸಿ, ಎರಡೂ ಕಿವಿಗೆ ಒತ್ತಿ ಹಾಕಿಕೊಂಡು ನೋಡಿದ. ಅವಳು ಏನೋ ಅಂದಳು. ಅವನು ಕೇಳಿಸುತ್ತಿಲ್ಲವೆಂದು ತಲೆಯಾಡಿಸಿ, ಸರಿಯಾಗಿದೆ ಎಂಬಂತೆ ಹೆಬ್ಬೆರಳು ತೋರಿಸಿದ.